ಪಿಎಚ್ ಮೀಟರ್: ಮೂತಿ ಒಣಗಬಾರದು, ಮೈ ನೆನೆಯಬಾರದು

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ. ಮನೆ ಮಟ್ಟಿಗೆ ಬೆಂಗಳೂರು ಬ್ಲೂ ದ್ರಾಕ್ಷಿ ಮತ್ತು ಪ್ಯಾಶನ್ ಫ್ರೂಟ್ ವೈನ್ ಮಾಡುತ್ತೇವೆ. ಕಳೆದ ವರ್ಷ ವೈರಿನ ತುದಿಗೆ ಪ್ರೋಬ್ ಇರುವ ಪಿಎಚ್ ಮೀಟರ್ ತಗೊಂಡೆ. ಬಳಸಿದ ಮೇಲೆ ತೊಳೆದು ಆರ್‌ಒ ನೀರಿನ ಲೋಟದಲ್ಲಿ ಇಡುತ್ತಿದ್ದೆ. ನಡುವೆ ಕೆಲವು ತಿಂಗಳು ಮರೆತುಹೋಗಿ ನೀರು ಆರಿಹೋಗಿತ್ತು. ಈಗ ಮೀಟರ್ ಕ್ಯಾಲಿಬ್ರೇಷನ್ ಒಪ್ಪಿಕೊಳ್ಳುತ್ತದೆ, ಆದರೆ ಅಂಕಿ ನಿಲ್ಲಲು ಮೂರು-ನಾಲ್ಕು ನಿಮಿಷ ಬೇಕು. ಮರುದಿನ ಅದೇ ಬಫರಿನಲ್ಲಿ (ಪಿಎಚ್ ಇಷ್ಟೇ ಎಂದು ಗೊತ್ತಿರುವ ದ್ರಾವಣ) ಅದ್ದಿದರೆ 0.2, 0.3 ಆಚೀಚೆ ತೋರಿಸುತ್ತದೆ. ಪ್ರೋಬ್ ಹೋಯಿತೇ, ಉಳಿಸಬಹುದೇ? ಹೇಗೆ ತೊಳೆದು ಹೇಗೆ ಇಡಬೇಕು?

ಉತ್ತರ: ನಿಮ್ಮ ಪ್ರೋಬಿಗೆ ಎರಡು ಪೆಟ್ಟು ಬಿದ್ದಿದೆ. ಒಣಗಿದ್ದು ಎರಡನೆಯದು. ಆರ್‌ಒ ನೀರಿನಲ್ಲಿ ಇಟ್ಟದ್ದು ಮೊದಲನೆಯದು, ಹೆಚ್ಚು ಕೆಟ್ಟದ್ದೂ ಅದೇ. ಒಣಗಿದ ಗಾಜು ನೆನೆಸಿದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಶುದ್ಧ ನೀರು ಒಳಗಿನಿಂದ ಎಳೆದುಕೊಂಡ ಉಪ್ಪು ಮಾತ್ರ, ಪ್ರೋಬ್ ಜೆಲ್ ತುಂಬಿದ ಮಾದರಿಯಾದರೆ, ಮರಳಿ ಬರುವುದಿಲ್ಲ.

ಏಕೆಂದರೆ ಪ್ರೋಬ್ ಎನ್ನುವುದು ಒಂದೇ ಕೋಲಿನೊಳಗೆ ಕೂತ ಎರಡು ಎಲೆಕ್ಟ್ರೋಡ್. ತುದಿಯ ತೆಳು ಗಾಜಿನ ಬುರುಡೆ ಹುಳಿಯನ್ನು ಗ್ರಹಿಸುತ್ತದೆ (ಹುಳಿ ಹೆಚ್ಚಾದಷ್ಟೂ ಪಿಎಚ್ ಅಂಕಿ ಕಡಿಮೆ). ಆ ಗಾಜಿನ ಮೇಲ್ಮೈ ನೀರು ಕುಡಿದು ತೀರಾ ತೆಳುವಾದ ಒಂದು ಪದರ ಕಟ್ಟಿಕೊಂಡಿರುತ್ತದೆ; ಅಯಾನುಗಳ ಅದಲುಬದಲು ನಡೆಯುವುದು ಅಲ್ಲೇ. ಪದರ ಒಣಗಿದರೆ ಬುರುಡೆ ಮಂಕಾಗುತ್ತದೆ, ಅಂಕಿ ನಿಧಾನವಾಗುತ್ತದೆ. ಬುರುಡೆಯ ಸುತ್ತಲಿನ ಕೊಳವೆಯಲ್ಲಿರುವುದು ರೆಫರೆನ್ಸ್: ಬೆಳ್ಳಿ ತಂತಿ, ಅದರ ಮೇಲೆ ಬೆಳ್ಳಿ ಕ್ಲೋರೈಡು, ಸುತ್ತ ಸುಮಾರು 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣ ಅಥವಾ ಜೆಲ್. ಕೆಳಗೆ ಬುರುಡೆಯ ಪಕ್ಕ ಸಾಸಿವೆಗಿಂತ ಚಿಕ್ಕದಾದ ಒಂದು ಬಿಳಿ ಚುಕ್ಕೆ ಕಾಣುತ್ತದಲ್ಲ, ಅದು ಜಂಕ್ಷನ್. ಅದರ ಮೂಲಕ ಒಳಗಿನ ಉಪ್ಪು ಸಣ್ಣಗೆ ಹೊರಗೆ ಒಸರುತ್ತಲೇ ಇರಬೇಕು. ಹೊರಗೆ ಆರ್‌ಒ ನೀರು ಅಥವಾ ಡಿಸ್ಟಿಲ್ಡ್ ವಾಟರ್ ಇದ್ದರೆ ಒಸರುವುದು ಜೋರಾಗುತ್ತದೆ, ತಿಂಗಳುಗಟ್ಟಲೆ ಇಟ್ಟರೆ ಒಳಗಿನ ಜೆಲ್ ಸಪ್ಪೆಯಾಗುತ್ತದೆ. ದಿನದಿಂದ ದಿನಕ್ಕೆ ಅಂಕಿ ಜಾರುವುದು ಈ ಸಪ್ಪೆ ರೆಫರೆನ್ಸಿನ ಲಕ್ಷಣ. ನಿಮ್ಮಲ್ಲಿ ನಿಧಾನವೂ ಇದೆ, ಜಾರುವುದೂ ಇದೆ.

ಮೀಟರ್ ಎನ್ನುವ ಡಬ್ಬಿ ಬರೀ ವೋಲ್ಟೇಜ್ ಅಳೆಯುವ ಯಂತ್ರ. ಕ್ಯಾಲಿಬ್ರೇಷನ್ ಮಾಡಿದಾಗ ಪ್ರೋಬ್ ಸರಿಹೋಗುವುದಿಲ್ಲ. ಪ್ರೋಬ್ ಎಷ್ಟು ತಪ್ಪುತ್ತಿದೆ ಎಂದು ಡಬ್ಬಿ ಲೆಕ್ಕ ಬರೆದುಕೊಂಡು ಕಳೆಯುತ್ತದೆ, ಅಷ್ಟೇ. ‘ಕ್ಯಾಲಿಬ್ರೇಷನ್ ಓಕೆ ಬಂತು’ ಎಂದು ನೆಮ್ಮದಿಯಿಂದ ಇರುವವರೇ ಹೆಚ್ಚಾಗಿ ತಪ್ಪು ಅಂಕಿ ನಂಬಿ ಕೂರುವುದು.

0.2 ಅಂದರೆ ಎಷ್ಟು ಮಹಾ ಅನ್ನಿಸಬಹುದು. ವೈನ್ ಕೆಡದಂತೆ ಹಾಕುವ ಕೆಎಂಎಸ್ (ಪೊಟ್ಯಾಶಿಯಂ ಮೆಟಾಬೈಸಲ್ಫೈಟ್) ಲೆಕ್ಕದಲ್ಲಿ ನೋಡಿ. ವೈನ್ ಕೆಡದಿರಲು 0.8 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಮಾಲಿಕ್ಯುಲರ್ ಸಲ್ಫರ್ ಡೈಆಕ್ಸೈಡ್ (ಮುಕ್ತ ಸಲ್ಫರ್ ಡೈಆಕ್ಸೈಡಿನಲ್ಲಿ ನಿಜವಾಗಿ ಕೆಲಸ ಮಾಡುವ ಸಣ್ಣ ಪಾಲು) ಬೇಕೆಂದು ಇಟ್ಟುಕೊಂಡರೆ, ಪಿಎಚ್ 3.5ರಲ್ಲಿ ಮುಕ್ತ ಸಲ್ಫರ್ ಡೈಆಕ್ಸೈಡ್ ಸುಮಾರು 40 ಪಿಪಿಎಂ ಇದ್ದರೆ ಸಾಕು. 3.7 ಆದರೆ ಸುಮಾರು 63 ಬೇಕು. ಕೆಎಂಎಸ್‌ನಲ್ಲಿ ಸಲ್ಫರ್ ಡೈಆಕ್ಸೈಡ್ 57.6 ಶೇಕಡಾ, 20 ಲೀಟರ್ ಜಾಡಿಗೆ ಮೊದಲನೆಯದು 1.4 ಗ್ರಾಂ, ಎರಡನೆಯದು 2.2 ಗ್ರಾಂ. ವೈನ್ ನಿಜವಾಗಿ 3.7 ಇದ್ದು ಮೀಟರ್ 3.5 ಎಂದರೆ ನೀವು ಹಾಕುವುದು ಬೇಕಾದದ್ದರ ಮೂರನೇ ಎರಡು ಪಾಲು ಮಾತ್ರ.

ಅಂದಹಾಗೆ ಇಂದಿನ ಪಿಎಚ್ ಮೀಟರ್ ಹುಟ್ಟಿದ್ದೂ ಸಲ್ಫರ್ ಡೈಆಕ್ಸೈಡಿನ ತಕರಾರಿನಿಂದಲೇ. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ನಿಂಬೆರಸದ ಹುಳಿ ಅಳೆಯಬೇಕಿತ್ತು. ರಸ ಕೆಡದಂತೆ ಹಾಕಿದ ಸಲ್ಫರ್ ಡೈಆಕ್ಸೈಡ್ ಲಿಟ್ಮಸ್ಸಿನ ಬಣ್ಣವನ್ನೇ ತೆಗೆದುಬಿಡುತ್ತಿತ್ತು, ಹೈಡ್ರೋಜನ್ ಎಲೆಕ್ಟ್ರೋಡನ್ನೂ ಕೆಡಿಸುತ್ತಿತ್ತು. ಆಗ ಆರ್ನಾಲ್ಡ್ ಬೆಕ್‌ಮನ್ ಗಾಜಿನ ಎಲೆಕ್ಟ್ರೋಡಿಗೆ ವ್ಯಾಕ್ಯೂಮ್ ಟ್ಯೂಬಿನ ಆಂಪ್ಲಿಫೈಯರ್ ಜೋಡಿಸಿಕೊಟ್ಟರು.

ಮೊದಲು ತಪಾಸಣೆ

ವೈರಿನ ಪ್ರೋಬ್ ಇರುವ ಮೀಟರುಗಳಲ್ಲಿ ಹೆಚ್ಚಿನವು ಮಿಲಿವೋಲ್ಟನ್ನೂ ತೋರಿಸುತ್ತವೆ. ಆ ಬಟನ್ ಹುಡುಕಿ. ಪ್ರೋಬಿನ ಆರೋಗ್ಯ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. 25 ಡಿಗ್ರಿಯಲ್ಲಿ ಆದರ್ಶ ಪ್ರೋಬ್ ಪಿಎಚ್ 7ರಲ್ಲಿ 0 ಮಿಲಿವೋಲ್ಟ್ ಕೊಡುತ್ತದೆ. ಅಲ್ಲಿಂದ ಒಂದೊಂದು ಪಿಎಚ್ ಇಳಿದಂತೆ 59.16 ಮಿಲಿವೋಲ್ಟ್ ಏರುತ್ತದೆ. ಆದ್ದರಿಂದ ಪಿಎಚ್ 4ರಲ್ಲಿ 177.5 ಬರಬೇಕು. ಹೊಸ ಬಫರ್ ತೆಗೆದು ಎರಡರಲ್ಲೂ ಅಂಕಿ ಬರೆದುಕೊಳ್ಳಿ. ಉದಾಹರಣೆಗೆ 7ರಲ್ಲಿ ಮೈನಸ್ 12, 4ರಲ್ಲಿ 158 ಬಂತೆನ್ನಿ. ವ್ಯತ್ಯಾಸ 170, ಅದನ್ನು 177.5ರಿಂದ ಭಾಗಿಸಿದರೆ 95.8 ಶೇಕಡಾ. ಇದು ಸ್ಲೋಪ್. 95ರ ಮೇಲಿದ್ದರೆ ಚೆನ್ನಾಗಿದೆ, 90ರಿಂದ 95ರೊಳಗಿದ್ದರೆ ತೊಳೆಯುವ ಹೊತ್ತಾಗಿದೆ, ತೊಳೆದ ಮೇಲೂ 90 ದಾಟದಿದ್ದರೆ ಆಸೆ ಬಿಡಿ. 7ರ ಬಫರಿನ ಅಂಕಿ ಸೊನ್ನೆಯಿಂದ 30 ಮಿಲಿವೋಲ್ಟಿನ ಒಳಗಿರಬೇಕು. ಸ್ಲೋಪ್ ಸರಿಯಿದ್ದು 7ರ ಅಂಕಿ ಮಾತ್ರ 40, 50ಕ್ಕೆ ಹೋಗಿದ್ದರೆ ಗಾಜು ಚೆನ್ನಾಗಿದೆ, ರೆಫರೆನ್ಸ್ ಕೆಟ್ಟಿದೆ ಎಂದರ್ಥ.

ಮಿಲಿವೋಲ್ಟ್ ತೋರಿಸದ ಪೆನ್ ಮೀಟರ್ ಇರುವವರು ಇದನ್ನೇ ಬೇರೆ ರೀತಿ ನೋಡಬಹುದು. ಹಳೆಯ ಕ್ಯಾಲಿಬ್ರೇಷನ್ ಅಳಿಸಿ ಫ್ಯಾಕ್ಟರಿ ಸೆಟ್ಟಿಂಗಿಗೆ ತನ್ನಿ, 7ರಲ್ಲಿ ಮಾತ್ರ ಕ್ಯಾಲಿಬ್ರೇಟ್ ಮಾಡಿ, ನಂತರ 4ರ ಬಫರಿನಲ್ಲಿ ಅದ್ದಿ ಸುಮ್ಮನೆ ಓದಿ. 4.15ರೊಳಗೆ ಬಂದರೆ ಸ್ಲೋಪ್ 95ರ ಮೇಲಿದೆ. 4.30 ದಾಟಿದರೆ 90ಕ್ಕಿಂತ ಕೆಳಗೆ.

ಎಲ್ಲ ದ್ರಾವಣದಲ್ಲೂ ಒಂದೇ ಅಂಕಿ, ಹೆಚ್ಚಾಗಿ 7ರ ಆಸುಪಾಸು, ಬರುತ್ತಿದ್ದರೆ ಬುರುಡೆ ಸೀಳಿದೆ ಅಥವಾ ವೈರಿನೊಳಗೆ ಶಾರ್ಟ್ ಆಗಿದೆ. ಅದಕ್ಕೆ ಮದ್ದಿಲ್ಲ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಬೆಳಕಿಗೆ ಹಿಡಿದರೆ ಕೂದಲೆಳೆ ಸೀಳು ಕಾಣುತ್ತದೆ. ಬುರುಡೆಯ ಒಳತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೂ ಅಂಕಿ ಹಾರಾಡುತ್ತದೆ. ಜ್ವರದ ಥರ್ಮಾಮೀಟರ್ ಕೊಡವಿದಂತೆ ತುದಿ ಕೆಳಗೆ ಮಾಡಿ ಎರಡು ಸಲ ಕೊಡವಿದರೆ ಮೇಲೇರುತ್ತದೆ.

ಮಳೆಗಾಲದ ಕೊಡಗಿನಲ್ಲಿ ಇನ್ನೊಂದು ಸಂಶಯವನ್ನೂ ಪಡಬೇಕು. ಗಾಜಿನ ಎಲೆಕ್ಟ್ರೋಡಿನ ರೋಧ ನೂರಾರು ಮೆಗಾಓಮ್‌ವರೆಗೂ ಇರುತ್ತದೆ. ವೈರ್ ಮೀಟರಿಗೆ ಸೇರುವ ಬಿಎನ್‌ಸಿ ಕನೆಕ್ಟರಿನೊಳಗೆ ತೇವದ ಪೊರೆ ಕೂತರೂ ಸಾಕು, ಬೆರಳಿನ ಬೆವರು ತಾಗಿದರೂ ಸಾಕು, ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ. ಪ್ರೋಬಿನ ಮೇಲೆ ಅಪವಾದ ಹೊರಿಸುವ ಮೊದಲು ಕನೆಕ್ಟರ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಕಿವಿಕಡ್ಡಿಯಿಂದ ಒಳಗೆ ಒರೆಸಿ, ಪೂರ್ತಿ ಆರಿದ ಮೇಲೆ ಮತ್ತೆ ಹಾಕಿ ನೋಡಿ.

ತೊಳೆದು ಎಬ್ಬಿಸುವ ಕ್ರಮ

ವೈನಿನಲ್ಲಿ ಪ್ರೋಬನ್ನು ಹೊಲಸು ಮಾಡುವುದು ಮುಖ್ಯವಾಗಿ ಮೂರು: ಹಣ್ಣಿನ ತಿರುಳು ಮತ್ತು ಪ್ರೋಟೀನು, ಕಪ್ಪು ದ್ರಾಕ್ಷಿಯ ಟ್ಯಾನಿನ್ ಮತ್ತು ಬಣ್ಣ, ಮತ್ತೆ ಟಾರ್ಟ್ರೇಟ್. ಮೂರನೆಯದು ದ್ರಾಕ್ಷಿ ವೈನಿಗೇ ವಿಶೇಷವಾದ ಉಪದ್ರವ. ವೈನಿನಲ್ಲಿ ಟಾರ್ಟಾರಿಕ್ ಆಮ್ಲ ತುಂಬಿರುತ್ತದೆ, ಜಂಕ್ಷನ್ನಿನಿಂದ ಪೊಟ್ಯಾಶಿಯಂ ಒಸರುತ್ತದೆ. ಎರಡೂ ಸೇರಿದ ಜಾಗದಲ್ಲಿ ಪೊಟ್ಯಾಶಿಯಂ ಬೈಟಾರ್ಟ್ರೇಟ್ ಹರಳುಗಟ್ಟುತ್ತದೆ, ಅಂದರೆ ಸರಿಯಾಗಿ ಆ ಬಿಳಿ ಚುಕ್ಕೆಯ ರಂಧ್ರಗಳಲ್ಲೇ.

ಮೊದಲು ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹದಿನೈದು ನಿಮಿಷ ನೆನೆಸಿ, ನಡುನಡುವೆ ಅಲ್ಲಾಡಿಸಿ. ಮೆತ್ತನೆಯ ಬ್ರಷ್ ಪ್ಲಾಸ್ಟಿಕ್ ಭಾಗಕ್ಕೆ ಮಾತ್ರ, ಬುರುಡೆಗೆ ಮುಟ್ಟಿಸಬೇಡಿ. ತೊಳೆದು, 50 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಹತ್ತು ನಿಮಿಷ ಇಡಿ. ತಣ್ಣೀರಿಗೆ ಜಗ್ಗದ ಟಾರ್ಟ್ರೇಟ್ ಬಿಸಿಗೆ ಕರಗುತ್ತದೆ. ಕುದಿಯುವ ನೀರು ಬೇಡ.

ಬುರುಡೆಯ ಮೇಲೆ ಕಂದು ಅಥವಾ ನೇರಳೆ ಛಾಯೆ ಇನ್ನೂ ಉಳಿದಿದ್ದರೆ ಬಟ್ಟೆಗೆ ಹಾಕುವ ಬ್ಲೀಚ್ ಒಂದು ಪಾಲು, ನೀರು ಹತ್ತು ಪಾಲು ಬೆರೆಸಿ ಹತ್ತು ನಿಮಿಷ ಅದ್ದಿ. ಆಮೇಲೆ ಹರಿಯುವ ನೀರಿನಲ್ಲಿ ಎರಡು ನಿಮಿಷವಾದರೂ ತೊಳೆಯಿರಿ. ಇದನ್ನು ವೈನ್ ಜಾಡಿ, ಕಾರ್ಕು, ಮರದ ಸಾಮಾನು ಇರುವ ಜಾಗದಿಂದ ದೂರ ಮಾಡಿ. ಕ್ಲೋರಿನ್ ಕಾರ್ಕಿಗೋ ಮರಕ್ಕೋ ತಾಗಿದರೆ ಮುಂದೆ ವೈನಿಗೆ ಬೂಷ್ಟು ವಾಸನೆ ಬರುವ ದಾರಿ ತೆರೆದಂತೆ. ಲ್ಯಾಬಿನವರು ಇಲ್ಲಿ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ ಇಡುತ್ತಾರೆ. ನಿಮಗೆ ಸಿಕ್ಕರೆ ಮಾಡಿ, ಆದರೆ ಬ್ಲೀಚ್ ಇದ್ದ ಪಾತ್ರೆಯಲ್ಲಿ ಅಲ್ಲ, ಪ್ರೋಬ್ ಪೂರ್ತಿ ತೊಳೆಯದೆಯೂ ಅಲ್ಲ. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಇದಕ್ಕೆ ಬದಲಿಯಲ್ಲ. ಅದರಲ್ಲಿರುವ ಬಣ್ಣ, ಗಟ್ಟಿಕಾರಕಗಳು ಜಂಕ್ಷನ್ನಿಗೆ ಸೇರಿಕೊಳ್ಳುತ್ತವೆ. ಗಾಜಿನ ಮೇಲ್ಪದರವನ್ನೇ ಕರಗಿಸುವ ಅಮೋನಿಯಂ ಬೈಫ್ಲೋರೈಡಿನ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಮನೆಯಲ್ಲಿ ಮುಟ್ಟುವ ವಸ್ತುವಲ್ಲ.

ಕೊನೆಗೆ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣವನ್ನು 50 ಡಿಗ್ರಿಗೆ ಬಿಸಿ ಮಾಡಿ, ಪ್ರೋಬ್ ಅದರಲ್ಲಿ ನಿಲ್ಲಿಸಿ, ಹಾಗೇ ತಣಿಯಲು ಬಿಡಿ. ಕಟ್ಟಿದ ಜಂಕ್ಷನ್ ಬಿಡಿಸಲು ಇದು ಸೌಮ್ಯ ಉಪಾಯ. ರಾತ್ರಿಯಿಡೀ ಅದರಲ್ಲೇ ಇರಲಿ. ಬೆಳಿಗ್ಗೆ ಮತ್ತೆ ಮಿಲಿವೋಲ್ಟ್ ನೋಡಿ, ಕ್ಯಾಲಿಬ್ರೇಟ್ ಮಾಡಿ, ಮರುದಿನ ಮತ್ತೆ ಕ್ಯಾಲಿಬ್ರೇಟ್ ಮಾಡದೆ 4ರ ಬಫರಿನಲ್ಲಿ ಅದ್ದಿ. 0.05ರೊಳಗೆ ನಿಂತರೆ ಪ್ರೋಬ್ ಉಳಿಯಿತು. 0.1ಕ್ಕಿಂತ ಹೆಚ್ಚು ಜಾರಿದರೆ ರೆಫರೆನ್ಸ್ ಹೋಗಿದೆ. ಪಕ್ಕದಲ್ಲಿ ರಬ್ಬರ್ ಬಿರಡೆಯಿರುವ, ದ್ರಾವಣ ತುಂಬಿಸುವ ಮಾದರಿಯಾದರೆ ಹಳೆಯದನ್ನು ಸಿರಿಂಜಿನಿಂದ ಎಳೆದು ಹೊಸದು ತುಂಬಿ ಇನ್ನೊಂದು ದಿನ ಕೊಡಿ. ಜೆಲ್ ಮಾದರಿಯಾದರೆ ಹೊಸ ಪ್ರೋಬ್ ತನ್ನಿ. ನಿಮ್ಮ ಲಕ್ಷಣ ನೋಡಿದರೆ ವೇಗ ಮರಳಬಹುದು, ಜಾರುವುದು ನಿಲ್ಲುವುದು ಕಷ್ಟ ಅನ್ನಿಸುತ್ತದೆ. ಆದರೂ ತೊಳೆದು ನೋಡಲು ಖರ್ಚೇನಿಲ್ಲ.

ಯಾವುದರಲ್ಲಿ ಇಡಬೇಕು

ಮೂರು ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್. ಸ್ಟೋರೇಜ್ ಸಲ್ಯೂಷನ್ ಎಂದು ತಯಾರಾಗಿಯೇ ಸಿಗುತ್ತದೆ. ಮನೆಯಲ್ಲಿ ಮಾಡುವುದಾದರೆ ಲ್ಯಾಬ್ ದರ್ಜೆಯ ಪೊಟ್ಯಾಶಿಯಂ ಕ್ಲೋರೈಡ್ 22.4 ಗ್ರಾಂ ತೂಗಿ, ಸುಮಾರು 80 ಎಂ.ಎಲ್. ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ, ಆಮೇಲೆ ಒಟ್ಟು 100 ಎಂ.ಎಲ್. ಆಗುವಷ್ಟು ನೀರು ಸೇರಿಸಿ. ಕರಗುವಾಗ ದ್ರಾವಣ ತಣ್ಣಗಾಗುತ್ತದೆ, ಗಾಬರಿ ಬೇಡ.

ಕಾಫಿ ತೋಟದವರ ಮನೆಯಲ್ಲಿ ಪೊಟ್ಯಾಷ್ ಗೊಬ್ಬರದ ಚೀಲ ಇದ್ದೇ ಇರುತ್ತದೆ, ಎಂಒಪಿ. ರಾಸಾಯನಿಕವಾಗಿ ಅದೂ ಪೊಟ್ಯಾಶಿಯಂ ಕ್ಲೋರೈಡೇ. ಆದರೆ ಅದರ ಕೆಂಪು ಬಣ್ಣ ಕಬ್ಬಿಣದ ಅಂಶದ್ದು, ಜೊತೆಗೆ ಮಣ್ಣಿನ ಕಣವೂ ಇರುತ್ತದೆ. ಜಂಕ್ಷನ್ ಮುಚ್ಚಿಹಾಕಲು ಅಷ್ಟು ಸಾಕು, ಹಾಕಬೇಡಿ. ಅಂಗಡಿಯ ಲೋ ಸೋಡಿಯಂ ಉಪ್ಪು ಮಿಶ್ರಣ, ಅದೂ ಬೇಡ. ಸ್ಟೋರೇಜ್ ಸಲ್ಯೂಷನ್ ಮುಗಿದಿದ್ದರೆ ಕೆಲವು ದಿನದ ಮಟ್ಟಿಗೆ ಪಿಎಚ್ 4ರ ಬಫರಿನಲ್ಲಿ ಇಡಬಹುದು. ಅದರಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ ಎಂಬುದು ನೆನಪಿರಲಿ.

ಪ್ರೋಬಿನ ಟೋಪಿಯೊಳಗೆ ಬುರುಡೆಯೂ ಜಂಕ್ಷನ್ನೂ ಮುಳುಗುವಷ್ಟು ದ್ರಾವಣ ಹಾಕಿ, ತಿರುಪಿನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ತುದಿ ಕೆಳಗಾಗಿ ನೇರ ನಿಲ್ಲಿಸಿ. ಪೆನ್ ಮೀಟರಿನ ಟೋಪಿಯಲ್ಲಿ ಸ್ಪಂಜಿದ್ದರೆ ಅದು ತೊಟ್ಟಿಕ್ಕುವಂತೆ ನೆನೆದಿರಬೇಕು. ಟೋಪಿಯ ಅಂಚಿನಲ್ಲಿ ಬಿಳಿ ಹರಳು ಬೆಳೆಯುತ್ತದೆ, ಅದು ಒಸರಿ ಒಣಗಿದ ಉಪ್ಪು. ತೊಳೆದರೆ ಹೋಗುತ್ತದೆ, ದೋಷವಲ್ಲ. ತಿಂಗಳಿಗೊಮ್ಮೆ ಬಿಚ್ಚಿ ದ್ರಾವಣ ಇದೆಯೇ ನೋಡಿ. ಸುಗ್ಗಿ ಮುಗಿದು ಇಡುವ ಹೊತ್ತಿನಲ್ಲಿ ಟೋಪಿಯ ದ್ರಾವಣ ಹೊಸದಿರಲಿ, ಏಕೆಂದರೆ ವೈನಿನ ಶೇಷ ಬಿದ್ದ ದ್ರಾವಣದಲ್ಲಿ ಆರು ತಿಂಗಳು ಇಡುವುದೆಂದರೆ ಹೊಲಸಿನಲ್ಲೇ ನೆನೆಸಿಟ್ಟಂತೆ. ಅಟ್ಟದ ಮೇಲೆ ಶೀಟಿನ ಕಾವಿಗೆ ಇಡಬೇಡಿ, ಫ್ರೀಜರ್ ಅಂತೂ ಬೇಡವೇ ಬೇಡ.

ಡಬ್ಬಿಯದು ಇದಕ್ಕೆ ಪೂರ್ತಿ ಉಲ್ಟಾ. ಪ್ರೋಬ್ ಬಿಚ್ಚಿ ಬೇರೆ ಇಡಿ, ಬ್ಯಾಟರಿ ತೆಗೆಯಿರಿ. ಮೀಟರ್, ಬಿಎನ್‌ಸಿ ತುದಿ ಮತ್ತು ಎರಡು ಸಿಲಿಕಾ ಜೆಲ್ ಪೊಟ್ಟಣವನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಬ್ಯಾಟರಿಯ ಸ್ಪ್ರಿಂಗ್ ಹಸಿರುಗಟ್ಟಲು ಒಂದು ಮಳೆಗಾಲ ಧಾರಾಳ ಸಾಕು.

ಬಳಸುವಾಗ

ಬಫರ್ 7 ಮತ್ತು 4 ಸಾಕು. ವೈನ್ 3ರಿಂದ 4ರ ನಡುವೆ ಇರುವುದರಿಂದ 10ರದ್ದು ಬೇಕಿಲ್ಲ. ಮೊದಲು 7, ತೊಳೆದು 4. ಬಾಟಲಿಯೊಳಗೆ ಪ್ರೋಬ್ ಅದ್ದಬೇಡಿ. ಚಿಕ್ಕ ಲೋಟಕ್ಕೆ 20–30 ಎಂ.ಎಲ್. ಸುರಿದುಕೊಳ್ಳಿ, ಆಮೇಲೆ ಚೆಲ್ಲಿಬಿಡಿ, ವಾಪಸ್ ಹಾಕಬೇಡಿ. ಪುಡಿಯ ಪೊಟ್ಟಣದಿಂದ ಮಾಡುವುದಾದರೆ ಅದರ ಮೇಲೆ ಬರೆದಷ್ಟೇ ನೀರು, ಹೆಚ್ಚಾಗಿ 250 ಎಂ.ಎಲ್., ಅದೂ ಡಿಸ್ಟಿಲ್ಡ್. ಇನ್ನೊಂದು ಎಡವಟ್ಟು ಪೊಟ್ಟಣದ ಅಂಕಿಯಲ್ಲಿ ಆಗುತ್ತದೆ: ಕೆಲವು 6.86, ಕೆಲವು 7.00. ಮೀಟರ್ 7.00 ನಿರೀಕ್ಷಿಸುವಾಗ 6.86ರಲ್ಲಿ ಒಂದೇ ಬಿಂದುವಿನ ಕ್ಯಾಲಿಬ್ರೇಷನ್ ಮಾಡಿದರೆ ಎಲ್ಲ ಅಂಕಿಯೂ 0.14 ಹೆಚ್ಚು ಬರುತ್ತದೆ. 4ರಲ್ಲೂ ಮಾಡಿದ್ದರೆ 3.5ರ ಆಸುಪಾಸಿನ ವೈನಿನಲ್ಲಿ ಆ ತಪ್ಪು 0.02ರಷ್ಟಕ್ಕೆ ಇಳಿಯುತ್ತದೆ.

ನಿಮ್ಮಂಥವರಿಗೆ ನಾನು ಒತ್ತಿ ಹೇಳುವ ಮೂರನೆಯ ಪರೀಕ್ಷೆ ಕ್ರೀಮ್ ಆಫ್ ಟಾರ್ಟರ್. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಲೇಬಲ್ಲಿನಲ್ಲಿ ಪೊಟ್ಯಾಶಿಯಂ ಬೈಟಾರ್ಟ್ರೇಟ್ ಒಂದೇ ಇರಬೇಕು, ಬೇಕಿಂಗ್ ಪೌಡರ್ ಅಲ್ಲ. 100 ಎಂ.ಎಲ್. ಡಿಸ್ಟಿಲ್ಡ್ ವಾಟರಿಗೆ ಒಂದು ಗ್ರಾಂ ಹಾಕಿ ಐದು ನಿಮಿಷ ಕುಲುಕಿ. ಅಷ್ಟೂ ಕರಗುವುದಿಲ್ಲ, ತಳದಲ್ಲಿ ಸ್ವಲ್ಪ ಉಳಿಯಲೇಬೇಕು. ಮೇಲಿನ ತಿಳಿ ಬಗ್ಗಿಸಿಕೊಂಡರೆ 25 ಡಿಗ್ರಿಯಲ್ಲಿ ಅದರ ಪಿಎಚ್ 3.56. ತಳದ ಪುಡಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ಅಂಕಿ ಬದಲಾಗದು, ಅದೇ ಇದರ ಸೊಗಸು. ಲ್ಯಾಬುಗಳ ಅಧಿಕೃತ ಮಾನಕಗಳಲ್ಲೂ ಇದು ಒಂದು. ಸರಿಯಾಗಿ ವೈನಿನ ಪಿಎಚ್ ವ್ಯಾಪ್ತಿಯಲ್ಲೇ ಕೂತಿದೆ. 7 ಮತ್ತು 4ರಲ್ಲಿ ಕ್ಯಾಲಿಬ್ರೇಟ್ ಮಾಡಿದ ಮೀಟರ್ ಇಲ್ಲಿ 3.51ರಿಂದ 3.61ರೊಳಗೆ ಓದಿದರೆ ಅಂದಿನ ಅಂಕಿಗಳನ್ನು ನಂಬಬಹುದು. ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಬೇಕಾದಾಗ ಹೊಸದಾಗಿ ಮಾಡಿ.

ವೈನನ್ನು ಬಟ್ಟೆಯಲ್ಲಿ ಸೋಸಿ 40 ಎಂ.ಎಲ್.ನಷ್ಟು ತೆಗೆದುಕೊಳ್ಳಿ. ಪ್ಯಾಶನ್ ಫ್ರೂಟಿನ ತಿರುಳಂತೂ ಬುರುಡೆಗೆ ಅಂಟಿ ಕೂರುತ್ತದೆ. ಬಫರೂ ವೈನೂ ಒಂದೇ ಬಿಸಿಯಲ್ಲಿರಲಿ. ಮೀಟರಿನ ಎಟಿಸಿ (ಬಿಸಿಗೆ ತಕ್ಕಂತೆ ತಾನೇ ತಿದ್ದಿಕೊಳ್ಳುವ ವ್ಯವಸ್ಥೆ) ಪ್ರೋಬಿನ ಸ್ಲೋಪನ್ನು ಮಾತ್ರ ತಿದ್ದುತ್ತದೆ. ಫ್ರಿಜ್ಜಿನಿಂದ ತೆಗೆದ ವೈನಿನ ಪಿಎಚ್ ಕೋಣೆಯ ಬಿಸಿಯಲ್ಲಿ ಎಷ್ಟಿರುತ್ತಿತ್ತು ಎಂದು ಅದು ಹೇಳಲಾರದು. ಹುದುಗುತ್ತಿರುವ ರಸವಾದರೆ ಲೋಟದಿಂದ ಲೋಟಕ್ಕೆ ಹತ್ತಾರು ಸಲ ಎತ್ತಿ ಹೊಯ್ದು ಗ್ಯಾಸ್ ಬಿಡಿಸಿ. 3.5ರಷ್ಟು ಹುಳಿಯಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಪಿಎಚ್ ಅನ್ನು ಅಷ್ಟಾಗಿ ಬದಲಿಸುವುದಿಲ್ಲ, ಬುರುಡೆಗೆ ಕಚ್ಚಿದ ಗುಳ್ಳೆಗಳು ಅಂಕಿಯನ್ನು ಕುಣಿಸುತ್ತವೆ. ಕಾಸ್ಟಿಕ್ ಸೋಡಾ ಹಾಕಿ 8.2ರವರೆಗೆ ಒಯ್ದು ಒಟ್ಟು ಆಮ್ಲ ಅಳೆಯುವಾಗ ಮಾತ್ರ ಅದೇ ಗ್ಯಾಸ್ ದೊಡ್ಡ ತಪ್ಪು ತರುತ್ತದೆ.

ಅದ್ದುವ ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಟಿಶ್ಯೂ ಒತ್ತಿ ಹನಿ ತೆಗೆಯಿರಿ. ಉಜ್ಜಿದರೆ ಗಾಜಿನ ಮೇಲೆ ಸ್ಥಿರವಿದ್ಯುತ್ ಕೂತು ಅಂಕಿ ಅಲೆದಾಡುತ್ತದೆ. ತೊಳೆಯಲು ಪೆಟ್ರೋಲ್ ಬಂಕಿನ ಬ್ಯಾಟರಿ ನೀರು ಆಗುತ್ತದೆ, ಬ್ಯಾಟರಿ ಆಸಿಡ್ ಅಲ್ಲ ಎಂದು ಲೇಬಲ್ ನೋಡಿಕೊಳ್ಳಿ. ಜಂಕ್ಷನ್ ಮುಳುಗುವಷ್ಟು ಅದ್ದಿ, ಸಣ್ಣಗೆ ತಿರುಗಿಸಿ, ಮೂವತ್ತರಿಂದ ಅರವತ್ತು ಸೆಕೆಂಡ್ ಕಾಯಿರಿ. ಅಳೆದ ವೈನ್ ಜಾಡಿಗೆ ವಾಪಸ್ ಹೋಗಬಾರದು. ದ್ರಾವಣ ತುಂಬಿಸುವ ಮಾದರಿಯಲ್ಲಿ ಅಳೆಯುವಾಗ ಪಕ್ಕದ ಬಿರಡೆ ತೆಗೆದಿರಬೇಕು, ಒಳಗಿನ ದ್ರಾವಣದ ಮಟ್ಟ ವೈನಿನ ಮಟ್ಟಕ್ಕಿಂತ ಮೇಲಿರಬೇಕು. ಇಲ್ಲವಾದರೆ ಉಪ್ಪು ಹೊರಗೆ ಬರುವ ಬದಲು ವೈನ್ ಒಳಗೆ ಹೋಗುತ್ತದೆ.

ಹೊಸ ಪ್ರೋಬ್ ಕೊಳ್ಳುವ ಪ್ರಸಂಗ ಬಂದರೆ ಬಿಎನ್‌ಸಿ ತುದಿಯ ಡಬಲ್ ಜಂಕ್ಷನ್ ಕೇಳಿ. ವೈನಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ ಒಂಟಿ ಜಂಕ್ಷನ್ನಿನ ಬೆಳ್ಳಿಯೊಡನೆ ಸೇರಿ ಕಪ್ಪಗೆ ಕಟ್ಟುತ್ತದೆ. ಡಬಲ್ ಆದರೆ ಬೆಳ್ಳಿ ಇನ್ನೊಂದು ಕೋಣೆಯ ಹಿಂದಿರುತ್ತದೆ. ತುಂಬಿಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ತಯಾರಾದ ತಿಂಗಳು ನೋಡಿಯೇ ತಗೊಳ್ಳಿ, ಜೆಲ್ ಪ್ರೋಬ್ ಅಂಗಡಿಯ ಕಪಾಟಿನಲ್ಲಿದ್ದರೂ ವಯಸ್ಸಾಗುತ್ತಲೇ ಇರುತ್ತದೆ, ಒಂದೆರಡು ವರ್ಷವೇ ಅದರ ಆಯುಷ್ಯ. ತಂದ ರಾತ್ರಿ ಸ್ಟೋರೇಜ್ ಸಲ್ಯೂಷನ್ನಿನಲ್ಲಿ ನೆನೆಸಿ, ಬೆಳಿಗ್ಗೆ 7 ಮತ್ತು 4ರ ಮಿಲಿವೋಲ್ಟ್ ಅಳೆದು ದಿನಾಂಕದ ಜೊತೆ ಒಂದು ಚೀಟಿಯಲ್ಲಿ ಬರೆದು ಮೀಟರಿನ ಡಬ್ಬದ ಮುಚ್ಚಳದೊಳಗೆ ಅಂಟಿಸಿ. ಮುಂದಿನ ಫಸಲಿಗೆ ಮೊದಲು ಅದೇ ಚೀಟಿಯಲ್ಲಿ ಎರಡನೆಯ ಸಾಲು ಬರೆಯುವಾಗ ಪ್ರೋಬ್ ಎಷ್ಟು ಇಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ.